ಪೂರ್ವಿಯ ಅರವತ್ತು ಗುಳಿಗೆ

ಫೆಬ್ರವರಿ 4, 2008, ಸೋಮವಾರ

ಹೊಸ ದಿನಚರಿ. ಹೋದ ವರ್ಷದ್ದು ಜನವರಿ ಹದಿನೇಳಕ್ಕೆ ನಿಂತಿತು, ಅದರ ಹಿಂದಿನದು ಎಲ್ಲಿದೆಯೋ ಆ ದೇವರಿಗೇ ಗೊತ್ತು. ಈ ಸಲ ಬರೆಯುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ತಲೆಯೊಳಗೆ ಎಲ್ಲವೂ ಒಟ್ಟಿಗೆ ಕಿರುಚುತ್ತಿವೆ, ಒಂದೊಂದನ್ನೇ ಹೊರಗೆ ಎಳೆದು ಕೂರಿಸದಿದ್ದರೆ ನನಗೇ ಹುಚ್ಚು ಹಿಡಿಯುತ್ತದೆ.

ಇವತ್ತು ಪೂರ್ವಿಯನ್ನು ಹಿಮಾಯತ್‌ನಗರಕ್ಕೆ, ಡಾ. ಶೈಲಾ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಕ್ಕಳ ಮನೋವೈದ್ಯೆ. ಪೂರ್ವಿ ಮೂರನೆಯ ಕ್ಲಾಸಿನಲ್ಲಿದ್ದಾಗ ಅವಳ ಗಮನ ಒಂದೆಡೆ ನಿಲ್ಲದ, ಕೈಕಾಲು ಸುಮ್ಮನಿರದ ತೊಂದರೆಗೆ ಎ.ಡಿ.ಎಚ್.ಡಿ. ಎಂದು ಹೆಸರು ಹೇಳಿ ಗುಳಿಗೆ ಬರೆದುಕೊಟ್ಟವರು ಅವರೇ. ಅಲ್ಲಿಂದ ಇಲ್ಲಿವರೆಗೆ ಆ ಕಡತ ಹೊತ್ತುಕೊಂಡು ಓಡಾಡಿದವಳು ನಾನು. ಮಾರ್ಚ್ ಎರಡಕ್ಕೆ ಹುಡುಗಿಗೆ ಹದಿನೆಂಟು ತುಂಬುತ್ತದೆ. ಅಲ್ಲಿಗೆ ಮಕ್ಕಳ ಆಸ್ಪತ್ರೆಯ ಕಡತ ಮುಚ್ಚುತ್ತದೆ. ಇನ್ನು ಮುಂದೆ ದೊಡ್ಡವರ ಡಾಕ್ಟರು.

ಡಾಕ್ಟರು ಪೂರ್ವಿಯನ್ನು ಕೇಳಿದರು, ನಿದ್ದೆ ಹೇಗಿದೆ? ನಾನು ಹೇಳಿದೆ. ಊಟ? ನಾನು ಹೇಳಿದೆ. ಓದು? ನಾನೇ ಹೇಳಿದೆ. ಆಗ ಅವರು ಪೆನ್ನು ಕೆಳಗಿಟ್ಟು ನಕ್ಕರು. "ಮೀರು ಕಾದಮ್ಮಾ, ಪಾಪ ಚೆಪ್ಪಾಲಿ." ನೀವಲ್ಲ, ಹುಡುಗಿ ಹೇಳಬೇಕು ಅಂತ. ನಾನು ಬಾಯಿ ಮುಚ್ಚಿದೆ. ಅರ್ಧ ನಿಮಿಷ ಮುಚ್ಚಿದ್ದೆನೋ ಇಲ್ಲವೋ.

ಕೊನೆಯ ಚೀಟಿ ಬರೆದುಕೊಟ್ಟರು. ಅರವತ್ತು ಗುಳಿಗೆ, ದಿನಕ್ಕೆ ಎರಡರಂತೆ ಮೂವತ್ತು ದಿನಕ್ಕೆ. ದೊಡ್ಡವರ ಡಾಕ್ಟರಿಗೆ ಒಂದು ಪತ್ರವನ್ನೂ ಕೊಟ್ಟು, ಈ ವಾರವೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ, ಈ ಗುಳಿಗೆ ಎಲ್ಲರೂ ಬರೆಯುವುದಿಲ್ಲ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಎರಡು ಸಲ ಹೇಳಿದರು. ಪತ್ರ ಬ್ಯಾಗಿನಲ್ಲಿದೆ. ನಾಳೆ ಫೋನ್ ಮಾಡಬೇಕು.

ಮಾರ್ಚ್ ಐದರಿಂದ ಅವಳ ಇಂಟರ್ ಎರಡನೆಯ ವರ್ಷದ ಪರೀಕ್ಷೆ, ನಮ್ಮ ಕಡೆಯ ಪಿ.ಯು.ಸಿ. ಇದ್ದ ಹಾಗೆ. ಈ ಹುಡುಗಿಗೆ ಒಂದು ಕಡೆ ಐದು ನಿಮಿಷ ಕೂರಲಾಗುವುದಿಲ್ಲ. ಯಾರ ಹೋಲಿಕೆಯೋ! ಇದನ್ನು ವಾಷಿಂಗ್ ಮಷೀನಿನ ಮೇಲೆ ಪುಸ್ತಕವಿಟ್ಟು ನಿಂತೇ ಬರೆಯುತ್ತಿದ್ದೇನೆ. ಹಾಲು ಉಕ್ಕಿತು.

ಫೆಬ್ರವರಿ 6, ಬುಧವಾರ

ಮಾನ ಹೋಯಿತು.

ನನ್ನ ಕೆಲಸವೇ ಬೇರೆಯವರ ತಪ್ಪು ಹುಡುಕುವುದು. ಸಾಫ್ಟ್‌ವೇರ್ ಮಾಡುವವರು ಮಾಡುತ್ತಾರೆ, ಅದನ್ನು ಮುರಿದು ನೋಡುವವಳು ನಾನು. ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕೋರ್ಸ್ ಮುಗಿಸಿ ಈ ಕೆಲಸಕ್ಕೆ ಸೇರಿ ಹತ್ತು ವರ್ಷವಾಯಿತು. ಸೋಮವಾರ ಮಧ್ಯಾಹ್ನದಿಂದ ನಿನ್ನೆ ಸಂಜೆಯವರೆಗೆ ಮುನ್ನೂರು ಪರೀಕ್ಷೆ ನಡೆಸಿ ಎಲ್ಲವೂ ಸರಿಯಾಗಿದೆ ಎಂದು ಸಹಿ ಹಾಕಿದೆ. ನಾನು ಪರೀಕ್ಷಿಸಿದ್ದು ಹೋದ ವಾರದ ಹಳೆಯ ಆವೃತ್ತಿಯನ್ನು! ಹೊಸದು ಪಕ್ಕದಲ್ಲೇ ಇತ್ತು, ತೆರೆದಿರಲೂ ಇಲ್ಲ.

ಮ್ಯಾನೇಜರ್ ವಿನಾಯಕ ಮೈಸೂರಿನವನು, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದ. ಬೈದಿದ್ದರೇ ವಾಸಿಯಿತ್ತು.

"ಭವಾನಿ ಮೇಡಂ, ಇದು ಈ ವರ್ಷ ಮೂರನೇ ಸಲ. ಇಪ್ಪತ್ತೊಂದನೇ ತಾರೀಖು ದೊಡ್ಡ ರಿಲೀಸ್ ಇದೆ. ಅದರಲ್ಲೂ ಹೀಗಾದ್ರೆ ನಾನು ಮೇಲಿನವರಿಗೆ ಏನೂ ಹೇಳಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡಿ."

ನಮ್ಮ ಮಹಡಿಗೆ ವಾರಕ್ಕೆ ಹತ್ತು ಹೊಸ ಹುಡುಗರು ಬರುತ್ತಿದ್ದಾರೆ. ಕೂರಿಸಲು ಕುರ್ಚಿಯಿಲ್ಲದೆ ಊಟದ ಹಾಲಿನಲ್ಲಿ ಕೂರಿಸಿದ್ದಾರೆ. ನನ್ನ ಕುರ್ಚಿ ಖಾಲಿಯಾದರೆ ಹತ್ತು ನಿಮಿಷವೂ ಖಾಲಿ ಇರುವುದಿಲ್ಲ.

ಡಾಕ್ಟರಿಗೆ ಫೋನ್ ಮಾಡಲಿಲ್ಲ. ನಾಳೆ.

ಫೆಬ್ರವರಿ 8

ಕ್ಯಾಬ್ ಬಂದು ಹಾರ್ನ್ ಹೊಡೆಯುತ್ತಿದೆ. ಒಂದು ಚಪ್ಪಲಿ ಸಿಗುತ್ತಿಲ್ಲ.

ಫೆಬ್ರವರಿ 11, ಸೋಮವಾರ

ಒಂದು ಕೆಲಸ ಮಾಡಿದೆ. ಸರಿಯೋ ತಪ್ಪೋ ಆಮೇಲೆ ನೋಡೋಣ, ಮೊದಲು ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಪೂರ್ವಿ ತನ್ನ ಮಧ್ಯಾಹ್ನದ ಗುಳಿಗೆಯನ್ನು ಮೇಜಿನ ಮೇಲೆ ಮರೆತು ಕಾಲೇಜಿಗೆ ಹೋದಳು. ದಾರಿಯಲ್ಲಿ ಕೊಡೋಣವೆಂದು ನಾನು ಎತ್ತಿಕೊಂಡೆ. ಕ್ಯಾಬ್ ನಿಲ್ಲಲಿಲ್ಲ. ಹನ್ನೊಂದು ಗಂಟೆಗೆ ಆಫೀಸಿನಲ್ಲಿ ನಾನೂರು ಸಾಲಿನ ಪಟ್ಟಿಯ ಮುಂದೆ ಕುಳಿತು ಆರನೆಯ ಸಾಲನ್ನು ಒಂಬತ್ತನೆಯ ಸಲ ಓದುತ್ತಿದ್ದೆ. ಅಳು ಬರುವಂತಾಗಿತ್ತು. ಬ್ಯಾಗಿನಲ್ಲಿ ಪೆನ್ನು ಹುಡುಕಿದರೆ ಗುಳಿಗೆ ಕೈಗೆ ಬಂತು. ಎದ್ದು ಹೋಗಿ ನೀರು ಕುಡಿದು ನುಂಗಿದೆ. ಯೋಚಿಸಲೇ ಇಲ್ಲ.

ಮುಕ್ಕಾಲು ಗಂಟೆಯ ನಂತರ ಏನೂ ಆಗಲಿಲ್ಲ ಅಂದುಕೊಂಡೆ. ಆಮೇಲೆ ಗಡಿಯಾರ ನೋಡಿದರೆ ಎರಡು ಗಂಟೆ, ನಾನು ನೂರ ಎಂಬತ್ತನೆಯ ಸಾಲಿನಲ್ಲಿದ್ದೆ. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ತಲೆಯೊಳಗಿನ ಸಂತೆ ಎದ್ದು ಹೋಗಿತ್ತು. ವಿನಾಯಕ ಬಂದು ಏನೋ ಕೇಳಿದ, ಅವನ ವಾಕ್ಯ ಶುರುವಿನಿಂದ ಕೊನೆಯವರೆಗೆ ನನಗೆ ಕೇಳಿಸಿತು. ನಲವತ್ತೊಂದು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ, ಮಂದಿಗೆ ಹೀಗೆ ಕೇಳಿಸುತ್ತದೆ ಅಂತ.

ಸಂಜೆ ಅಡುಗೆಮನೆಯಲ್ಲಿ ಪೂರ್ವಿ ಮಾತಾಡುತ್ತ ನಿಂತಳು. ಅವಳ ಮಾತು ಯಾವಾಗಲೂ ಹತ್ತು ಕಡೆ ಹರಿಯುತ್ತದೆ, ನಾನು ಹೂಂ ಹೂಂ ಅನ್ನುತ್ತಲೇ ಇರುತ್ತೇನೆ. ಇವತ್ತು ಒಲೆ ಆರಿಸಿ ಕೇಳಿದೆ. ಅವಳು ಹೇಳಿದ ಸಂಗತಿ ಕೇಳಿ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಹುಡುಗಿ ಮನೆಯಲ್ಲಿ ಕೂತು ಓದುವುದೇ ಇಲ್ಲವಂತೆ. ಟ್ಯೂಷನ್ ಎಂದು ಹೇಳಿ ಮೆಹದಿಪಟ್ಟಣಂನಲ್ಲಿ ಸಿಟಿ ಬಸ್ಸು ಹತ್ತಿ, ಕೊನೆಯ ಸ್ಟಾಪಿಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಾಳೆ. ಪಾಸ್ ಇದೆಯಲ್ಲ!

"ಬಸ್ ಓಡಾಕತ್ತಿದ್ರ ನನ್ನ ತಲಿ ನಿಲ್ತೈತಿ ಅಮ್ಮಾ. ಟ್ರಾಫಿಕ್ಕಿನಾಗ ಬಸ್ ನಿಂತ್ರ ಓದೂ ನಿಲ್ತೈತಿ. ಒಂದು ಟ್ರಿಪ್ಪಿಗೆ ಒಂದು ಪಾಠ. ಕಂಡಕ್ಟರ್ ಸುಗಲಮ್ಮ ಅಂತ ಅದಾಳ, ನಮ್ಮ ಕಡಿಯಾಕಿನss. ಕಿಟಕಿ ಸೀಟು ಹಿಡಿದು ಇಟ್ಟಿರ್ತಾಳ."

ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷದಿಂದ ಅಂದಳು. ಹೇಳಬಾರದಿತ್ತೇ ಅಂದೆ. ಹೇಳಿದ್ದೆ, ಮೂರು ಸಲ ಹೇಳಿದ್ದೆ ಅಂದಳು.

ಫೆಬ್ರವರಿ 13, ಬುಧವಾರ

ನಿನ್ನೆಯೂ ಇವತ್ತೂ ಒಂದೊಂದು ತೆಗೆದುಕೊಂಡೆ. ರಿಲೀಸ್ ಮುಗಿಯುವವರೆಗೆ ಅಷ್ಟೇ. ಅವಳು ರಜಾ ದಿನ ಬಿಡುವುದೂ ಉಂಟು, ಸರಿಹೋಗುತ್ತದೆ.

ಇನ್ನೂರ ಹತ್ತು ಸಾಲು ಮುಗಿಯಿತು. ಪುಟ್ಟದೊಂದು ದೋಷ ಹಿಡಿದೆ, ಆರು ಜನರ ಕಣ್ಣು ತಪ್ಪಿಸಿದ್ದು. ಮಧ್ಯಾಹ್ನ ಊಟ ಸೇರಲಿಲ್ಲ. ಎದೆ ಸ್ವಲ್ಪ ಡವಡವ. ಮನೆಗೆ ಬಂದು ಅಲಮಾರಿಯ ಮೂರೂ ಖಾನೆ ಜೋಡಿಸಿದೆ.

ಫೆಬ್ರವರಿ 17, ಭಾನುವಾರ

ರಜೆ, ಗುಳಿಗೆಯೂ ಇಲ್ಲ. ಅಕ್ಕಿ ತರಲು ಹೋಗಿ ಪರದೆ ಬಟ್ಟೆ ತಂದೆ. ಹಾಗೆ ಹೋದಾಗ ಮೆಹದಿಪಟ್ಟಣಂನಲ್ಲಿ ಕಟ್ಟುತ್ತಿರುವ ಹೊಸ ಮೇಲ್ಸೇತುವೆಯ ಕಂಬಗಳಿಗಾಗಿ ದಾರಿ ತಿರುಗಿಸಿದ್ದರು, ನಾನು ಎತ್ತ ಹೋದೆನೋ ಬಂದೆನೋ, ಒಂದು ಗಂಟೆ ಹೋಯಿತು. ಪೂರ್ವಿ ಏನೋ ಹೇಳಿದಳು, ಪರೀಕ್ಷೆಯ ಹಾಲ್ ಟಿಕೆಟ್ ವಿಷಯ ಇರಬೇಕು. ಮತ್ತೆ ಕೇಳಬೇಕು. ಡಾಕ್ಟರಿಗೆ ಫೋನ್! ಭಾನುವಾರ ತೆಗೆಯುವುದಿಲ್ಲ. ಅಕ್ಕಿ ಇಲ್ಲ, ರಾತ್ರಿಗೆ ಉಪ್ಪಿಟ್ಟು.

ಫೆಬ್ರವರಿ 21, ಗುರುವಾರ

ರಿಲೀಸ್ ಆಯಿತು. ಇವತ್ತು ಎರಡು ತೆಗೆದುಕೊಂಡೆ, ಬೆಳಿಗ್ಗೆ ಒಂದು, ಮೂರು ಗಂಟೆಗೆ ಒಂದು. ಒಂದೇ ಒಂದು ತಪ್ಪು ಹೊರಗೆ ಹೋಗಲಿಲ್ಲ. ವಿನಾಯಕ ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದ. "ಭವಾನಿ ಮೇಡಂ ಇಲ್ಲದಿದ್ರೆ ಮುಗೀತಿತ್ತು ನಮ್ಮ ಕಥೆ" ಅಂದ. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಹತ್ತು ವರ್ಷದಲ್ಲಿ ಮೊದಲ ಸಲ ನಾನು ದಡ್ಡಿಯಲ್ಲ ಅನ್ನಿಸಿತು.

ಪತ್ರ ಇನ್ನೂ ಬ್ಯಾಗಿನಲ್ಲೇ ಇದೆ. ಗುಳಿಗೆಯ ದಿನ ಕೈಗೆತ್ತಿಕೊಂಡ ಕೆಲಸ ಬಿಡಲಾಗುವುದಿಲ್ಲ, ಇಲ್ಲದ ದಿನ ಕೈಗೆತ್ತಿಕೊಳ್ಳಲಾಗುವುದಿಲ್ಲ.

ಫೆಬ್ರವರಿ 24, ಭಾನುವಾರ

ಇವತ್ತು ಬರೆಯುವುದಿಲ್ಲ.

ಫೆಬ್ರವರಿ 25, ಸೋಮವಾರ, ಊಟದ ಬಿಡುವಿನಲ್ಲಿ

ಬರೆಯಲೇಬೇಕು, ಇಲ್ಲದಿದ್ದರೆ ಹೊಟ್ಟೆಯೊಳಗೇ ಕೊಳೆಯುತ್ತದೆ.

ನನ್ನ ಗಂಡ ಮಲ್ಲಪ್ಪ ವಿಮಾ ಆಫೀಸಿನಲ್ಲಿ ಕಡತ ನೋಡಿಕೊಳ್ಳುವವರು. ಮನೆಯಲ್ಲೂ ಅದೇ ಶಿಸ್ತು. ಭಾನುವಾರ ಬೆಳಿಗ್ಗೆ ಗ್ಯಾಸು, ಎಣ್ಣೆ, ಔಷಧಿ ಎಲ್ಲವನ್ನೂ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಎರಡು ಭಾನುವಾರ ಊರಲ್ಲಿ ಮದುವೆ, ಮುಂಜಿ ಎಂದು ಹೋಗಿ ಮನೆಯಲ್ಲಿರಲಿಲ್ಲ. ನಿನ್ನೆ ಗುಳಿಗೆಯ ಡಬ್ಬಿ ತೆರೆದರು. ಇಪ್ಪತ್ತು ಇರಬೇಕಾದಲ್ಲಿ ಒಂಬತ್ತಿತ್ತು.

"ಪೂರ್ವೀ! ಹನ್ನೊಂದು ಗುಳಿಗಿ ಎಲ್ಲಿ ಹೋದವು?"

ಅವಳು ಹಲ್ಲುಜ್ಜುತ್ತ ಬಂದಳು. ಡಬ್ಬಿ ನೋಡಿದಳು. ಅಪ್ಪನ ಮುಖ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು, ಬಹಳ ಹೊತ್ತಲ್ಲ. ನಾನು ಕೊತ್ತಂಬರಿ ಸೋಸುತ್ತಿದ್ದೆ. ಹೇಳಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು.

"ನಾನss ಕಳದೀನಿ ಪಪ್ಪಾ. ಬ್ಯಾಗಿನ್ಯಾಗ ಹಾಕ್ಕೊಂಡಿದ್ದೆ, ಎಲ್ಲೋ ಬಿದ್ದಾವ."

"ಹನ್ನೊಂದು ಬೀಳತಾವೇನು? ಛತ್ರಿ ಕಳದಿ, ವಾಚು ಕಳದಿ, ಈಗ ಗುಳಿಗಿ. ಎದುರಿಗೆ ಪರೀಕ್ಷೆ ಐತಿ, ನಿನಗ ಒಂಚೂರರ ಖಬರ್ ಐತೇನು? ನಿನ್ನ ಕೈಯಾಗ ಏನು ಕೊಟ್ರೂ ಉಳಿಯಂಗಿಲ್ಲ ನೋಡು!"

ಅವರು ಹಾಗೆ ಕೂಗುವವರಲ್ಲ. ಪೂರ್ವಿ ಬಾಯಿಯಲ್ಲಿ ಬ್ರಶ್ಶು ಇಟ್ಟುಕೊಂಡೇ ನಿಂತಿದ್ದಳು. ಎಲ್ಲರೂ ನಂಬುತ್ತಾರೆ, ಅದೇ ನೋಡಿ. ಕಳೆದಿದ್ದೇನೆ ಎಂದು ಅವಳು ಹೇಳಿದರೆ ಈ ಮನೆಯಲ್ಲಿ ಎರಡನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ನಾನು ಕೊತ್ತಂಬರಿಯ ಬೇರು ಕತ್ತರಿಸಿ ಸೊಪ್ಪನ್ನು ಕಸಕ್ಕೆ ಹಾಕಿ ಬೇರನ್ನು ಬಟ್ಟಲಿಗೆ ಹಾಕಿದೆ.

ಅವಳು ನಿಜವಾಗಿಯೂ ಕಳೆದೆ ಎಂದು ನಂಬಿಕೊಂಡಿದ್ದಾಳೋ ಏನೋ. ಅಷ್ಟು ಕಳೆಯುತ್ತಾಳಲ್ಲ, ತಾನೇ ಮಾಡಿದ್ದೇನೆ ಅಂದುಕೊಂಡಿರಬೇಕು. ಹಾಗೇ ಇರಬೇಕು.

ಇನ್ನು ಮುಟ್ಟುವುದಿಲ್ಲ. ಆಣೆ.

ಫೆಬ್ರವರಿ 27, ಬುಧವಾರ

ಪೂರ್ವಿ ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಆರು ಪೇಪರ್. ಸಂಸ್ಕೃತ, ಇಂಗ್ಲಿಷಿಗೆ ಗುಳಿಗೆ ಬೇಡ. ಗಣಿತದ ಎರಡಕ್ಕೆ, ಫಿಸಿಕ್ಸಿಗೆ, ಕೆಮಿಸ್ಟ್ರಿಗೆ ಒಂದೊಂದು. ಉಳಿದ ಐದು ಓದುವ ದಿನಗಳಿಗೆ. ಕೆಳಗೆ ದಪ್ಪಕ್ಷರದಲ್ಲಿ "ಡಾಕ್ಟರ್ ಅಪಾಯಿಂಟ್‌ಮೆಂಟ್?" ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ. ನನಗೆ ಸಿಟ್ಟು ಬಂತು, ಇಷ್ಟು ಹಗುರವಾಗಿ ತೆಗೆದುಕೊಂಡಿದ್ದಾಳಲ್ಲ ಎಂದು. ಪರೀಕ್ಷೆ ಅಂದರೆ ಹುಡುಗಾಟವೇ?

ಆಫೀಸಿನಲ್ಲಿ ಬೆಳಗ್ಗೆಯಿಂದ ನಾಲ್ಕು ಕಪ್ ಚಹ. ಸಂತೆ ವಾಪಸ್ಸು ಬಂದಿದೆ.

ಮಾರ್ಚ್ 3, ಸೋಮವಾರ

ನಿನ್ನೆ ಹದಿನೆಂಟು ತುಂಬಿತು. ಕೇಕಿನ ಮೇಲೆ ಹೆಸರು ತಪ್ಪಾಗಿ ಬರೆಸಿಕೊಂಡು ಬಂದೆ. ಅವಳು ಅಕ್ಷರ ಕೆರೆದು ತಿಂದಳು.

ಇವತ್ತು ಕೊನೆಗೂ ಫೋನ್ ಹಿಡಿದೆ. ಶೈಲಾ ಡಾಕ್ಟರು ಬರೆದುಕೊಟ್ಟ ಪತ್ರದಲ್ಲಿದ್ದ ಡಾ. ಹಂಪಯ್ಯ ಅವರ ಕ್ಲಿನಿಕ್ಕಿನಲ್ಲಿ ಹದಿನೇಳನೆಯ ತಾರೀಖಿನ ಮೊದಲು ಜಾಗವಿಲ್ಲ. ಒಂದು ತಿಂಗಳು ಮೊದಲೇ ಮಾಡಬೇಕಿತ್ತಮ್ಮಾ ಅಂದಳು ಅಲ್ಲಿ ಫೋನ್ ಎತ್ತಿದ ಹುಡುಗಿ. ಮಾಡಬೇಕಿತ್ತು, ಗೊತ್ತು! ಕಾಚಿಗೂಡ ಸ್ಟೇಷನ್ ಹತ್ತಿರ ಇನ್ನೊಬ್ಬ ಡಾಕ್ಟರ ಬೋರ್ಡು ನೆನಪಾಗಿ ಅರ್ಧ ದಿನ ರಜೆ ಹಾಕಿ ಓಡಿದೆ. ಅವರು ಪತ್ರ ಪೂರ್ತಿ ಓದಲೂ ಇಲ್ಲ. ಇದೆಲ್ಲ ಮಕ್ಕಳ ಕಾಯಿಲೆ, ಹದಿನೆಂಟಕ್ಕೆ ತಾನೇ ಬಿಟ್ಟು ಹೋಗುತ್ತದೆ, ಮದುವೆ ಮಾಡಿ ಅಂದರು. ಪತ್ರ ಕಿತ್ತುಕೊಂಡು ಬಂದೆ. ನಿನ್ನೆ ಇದ್ದದ್ದು ಇವತ್ತು ಎದ್ದು ಎಲ್ಲಿಗೆ ಹೋಗುತ್ತದೆ ಸ್ವಾಮಿ, ಕಾಚಿಗೂಡದಲ್ಲಿ ರೈಲು ಹತ್ತಿ?

ಮಾರ್ಚ್ 8, ಶನಿವಾರ

ಗಣಿತದ ಮೊದಲ ಪೇಪರ್ ಚೆನ್ನಾಗಾಯಿತಂತೆ. ಬೆಳಿಗ್ಗೆ ಆರಕ್ಕೇ ಬಸ್ಸು ಹತ್ತಿ ಎರಡು ಸುತ್ತು ಹೊಡೆದು ಹಾಗೇ ಪರೀಕ್ಷೆಗೆ ಹೋದಳು. ಮಲ್ಲಪ್ಪ ಅವಳೊಡನೆ ಇನ್ನೂ ಬಿಗಿದುಕೊಂಡಿದ್ದಾರೆ. ಡಬ್ಬಿಯನ್ನು ಈಗ ದೇವರ ಗೂಡಿನಲ್ಲಿ ಇಟ್ಟಿದ್ದಾರೆ.

ಮಾರ್ಚ್ 11, ಮಂಗಳವಾರ

ಆಣೆ ಮುರಿದೆ.

ಅಮೆರಿಕದ ಗಿರಾಕಿಗಳೇ ಬಂದು ಕೂತಿದ್ದರು, ಅವರ ಮುಂದೆ ನಾನು ಒಂದು ಗಂಟೆ ಮಾತಾಡಬೇಕಿತ್ತು. ಬೆಳಿಗ್ಗೆ ದೀಪ ಹಚ್ಚಲು ಹೋದವಳು ಡಬ್ಬಿ ತೆರೆದೆ. ಎರಡಿತ್ತು. ನಾಳೆಯ ಫಿಸಿಕ್ಸಿಗೆ ಒಂದು, ಹದಿನಾಲ್ಕರ ಕೆಮಿಸ್ಟ್ರಿಗೆ ಒಂದು. ಕೆಮಿಸ್ಟ್ರಿಗೆ ಇನ್ನೂ ಮೂರು ದಿನವಿದೆ, ಹೇಗಾದರೂ ಮಾಡಿ ತರುತ್ತೇನೆ ಎಂದುಕೊಂಡೆ. ತಂದೇ ತರುತ್ತೇನೆ ಎಂದು ಆ ಕ್ಷಣಕ್ಕೆ ನೂರಕ್ಕೆ ನೂರು ನಂಬಿದ್ದೆ. ನನ್ನ ಹಣೆಬರಹವೇ ಇದು, ಮೂರು ದಿನ ಅಂದರೆ ನನಗೆ ಮೂರು ವರ್ಷದ ಹಾಗೆ ಕಾಣುತ್ತದೆ.

ಮಾತು ಚೆನ್ನಾಗಿ ಆಡಿದೆ. ಗಿರಾಕಿಗಳು ಕೈ ಕುಲುಕಿದರು. ಆ ಕೈಯನ್ನು ಮೂರು ಸಲ ತೊಳೆದುಕೊಂಡೆ.

ಮಾರ್ಚ್ 13, ಗುರುವಾರ

ಹಿಮಾಯತ್‌ನಗರದ ಔಷಧಿ ಅಂಗಡಿಯಲ್ಲಿ ಹಳೆಯ ಚೀಟಿ ಹಿಡಿದು ನಿಂತೆ. ಒಂಬತ್ತು ವರ್ಷದಿಂದ ಕೊಡುತ್ತಿರುವ ಮುದುಕರು, ನನ್ನ ಮುಖ ನೋಡಿದರೇ ಗುಳಿಗೆ ತೆಗೆಯುವವರು. ಚೀಟಿ ತಿರುಗಿಸಿ ನೋಡಿ ತಲೆಯಾಡಿಸಿದರು.

"ಪುರಾನಾ ಚಿಟ್ಠಿ ನಕ್ಕೋ ಮೇಡಂ. ಇಸ್ ಪೇ ಏಕ್ ಬಾರ್ ದೇದಿಯೇ, ಠಪ್ಪಾ ಭೀ ಮಾರ್‌ದಿಯೇ. ನಯಾ ಲಾವ್, ಅಭ್ಭೀ ದೇತೂಂ."

ಹಳೆಯ ಚೀಟಿ ನಡೆಯುವುದಿಲ್ಲ, ಒಮ್ಮೆ ಕೊಟ್ಟು ಮೊಹರು ಹಾಕಿಯಾಗಿದೆ, ಹೊಸದು ತಂದರೆ ಈಗಲೇ ಕೊಡುತ್ತೇನೆ ಅಂತ. ಒಂದೇ ಒಂದು ಗುಳಿಗೆ ಎಂದು ಬೇಡಿಕೊಂಡೆ. ಹಿಂದೆ ನಿಂತವರು ನನ್ನನ್ನು ವಿಚಿತ್ರವಾಗಿ ನೋಡಿದರು. ಶೈಲಾ ಡಾಕ್ಟರು ದೆಹಲಿಗೆ ಹೋಗಿದ್ದಾರಂತೆ, ಇದ್ದಿದ್ದರೂ ಬರೆಯುವಂತಿಲ್ಲ. ಇನ್ನು ಎಲ್ಲಿಗೆ ಹೋಗಲಿ?

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಅವಳು ದೇವರ ಗೂಡಿನ ಹತ್ತಿರ ಹೋಗಲೇ ಇಲ್ಲ. ಡಬ್ಬಿಯಲ್ಲಿ ಒಂದೇ ಉಳಿದದ್ದನ್ನು ಫಿಸಿಕ್ಸಿನ ದಿನವೇ ನೋಡಿರಬೇಕು. ಶೂ ಹಾಕಿಕೊಂಡು, "ಬರ್ತೀನಿ" ಎಂದು ಗೋಡೆಗೆ ಹೇಳಿ ಹೋದಳು.

ಒಂದು ಗಂಟೆಗೆ ಫೋನ್ ಮಾಡಿದಳು.

"ಅಮ್ಮಾ, ಎರಡು ಪುಟ ಒಮ್ಮೆಲೇ ತಿರುವೀನಿ. ನಡುವಿನ ಪುಟ ನೋಡೇ ಇಲ್ಲ. ಹದಿನಾರು ಮಾರ್ಕಿಂದು. ಬಂದಿದ್ವು ಎಲ್ಲಾ, ಅದss ಸಿಟ್ಟು. ಪಾಸಾಗ್ತೀನೋ ಇಲ್ಲೋ ಗೊತ್ತಿಲ್ಲ."

ಪಪ್ಪಗೆ ಹೇಳಬೇಡ ಅಂದಳು. ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಚಪ್ಪಾಳೆಗೆ, ನನ್ನ ಕುರ್ಚಿಗೆ ನನ್ನ ಮಗಳ ಹದಿನಾರು ಅಂಕ ತಿಂದೆ. ಹೆತ್ತವಳೇ ನಾನು? ಥೂ!

ಮಾರ್ಚ್ 17, ಸೋಮವಾರ

ಡಾ. ಹಂಪಯ್ಯ ಸಿಂಧನೂರು ಕಡೆಯವರು, ಗಿಡ್ಡ ಮನುಷ್ಯ, ಕನ್ನಡ ಕೇಳಿ ಮುಖ ಅರಳಿಸಿದರು. ನಾನು ಕಡತ ಬಿಚ್ಚಿ ಶುರುಮಾಡಿದೆ, ಮೂರನೆಯ ಕ್ಲಾಸಿನಿಂದ. ಅವರು ಕೈಯೆತ್ತಿದರು.

"ಹದಿನೆಂಟಕ್ಕ ಇದು ಬಿಟ್ಟು ಹೋಗಂಗಿಲ್ಲರಿ ಎಲ್ಲಾರಿಗೂ. ಆದ್ರ ಹದಿನೆಂಟಕ್ಕ ಅವ್ವ ಹೊರಗ ಕುಂದರಬೇಕಾಗ್ತೈತಿ. ನೀವು ಒಂದೀಟು ಹೊರಗಿರ್ರಿ, ಆಕಿ ಹೇಳ್ಲಿ."

ನಲವತ್ತು ನಿಮಿಷ ಹೊರಗೆ. ಕೂತೆ, ಎದ್ದೆ, ನೀರಿನ ಯಂತ್ರದವರೆಗೆ ಹೋದೆ, ಬಂದೆ. ಗೋಡೆಯ ಮೇಲಿನ ಹಾಳೆ ಓದಿದೆ. ದೊಡ್ಡವರಲ್ಲಿ ಲಕ್ಷಣಗಳು ಎಂದು ಹನ್ನೆರಡು ಸಾಲಿದ್ದವು. ಕೆಲಸ ಶುರುಮಾಡಿ ಬಿಡುವುದು, ವಸ್ತು ಕಳೆಯುವುದು, ಮಾತಿನ ನಡುವೆ ಬಾಯಿ ಹಾಕುವುದು. ಎಲ್ಲರೂ ಮಾಡುತ್ತಾರಪ್ಪ, ಇದರಲ್ಲೇನಿದೆ ಎಂದುಕೊಂಡು ಆರನೆಯ ಸಾಲಿಗೆ ಬಿಟ್ಟೆ. ಒಳಗೆ ಅವಳು ಏನು ಹೇಳುತ್ತಿದ್ದಾಳೋ ಎಂದು ಜೀವ ಬಾಯಿಗೆ ಬಂದಿತ್ತು.

ಕರೆದರು. ಹೊಸ ಕಡತ ತೆರೆದಿತ್ತು, ಮೇಲೆ ಪೂರ್ವಿಯ ಹೆಸರು, ಅವಳದೇ ಸಹಿ. ಡಾಕ್ಟರ ಮುಖದಲ್ಲಿ ಮೊದಲಿನ ಗೆಲುವು ಇರಲಿಲ್ಲ.

"ಎಲ್ಲಾ ಚಂದ ಹೇಳ್ಯಾಳ. ಒಂದು ವಿಷಯಕ್ಕ ನನಗ ಸಮಾಧಾನ ಇಲ್ಲ. ಹನ್ನೆರಡು ಗುಳಿಗಿ ಕಳದಾವಂತ. ಎಲ್ಲೆಂದ್ರ ಹೇಳಾಕ ಬರವಲ್ದು. ಇವು ಶುಂಠಿ ಪೆಪ್ಪರಮೆಂಟ್ ಅಲ್ಲರಿ. ಮಾರ್ಕೊಂಡ್ರೋ, ಹೆಚ್ಚಿಗಿ ತಿಂದ್ರೋ, ಗೆಳತ್ಯಾರಿಗೆ ಕೊಟ್ರೋ, ನಾನು ಬರೀಬೇಕಾಗ್ತೈತಿ. ಬರದ ಮ್ಯಾಲ ಈ ಗುಳಿಗಿ ಕೊಡಾಕ ನಾನೂ ಹಿಂದಮುಂದ ನೋಡ್ತೀನಿ, ಮುಂದ ಯಾವ ಡಾಕ್ಟರ್ ನೋಡಿದ್ರೂ ಮೊದಲು ಅದss ಕಣ್ಣಿಗೆ ಬೀಳ್ತೈತಿ."

ಪೆನ್ನಿನ ಮುಚ್ಚಳ ತೆಗೆದರು. ಪೂರ್ವಿ ನೆಲ ನೋಡುತ್ತಿದ್ದಳು, ಕಾಲು ಅಲ್ಲಾಡುತ್ತಿತ್ತು. ಅವಳ ದೊಡ್ಡವರ ಕಡತದ ಮೊದಲ ಸಾಲು ನಾನು ಮಾಡಿದ ಕಳ್ಳತನವಾಗಲಿತ್ತು.

"ನಾನು ತಿಂದೀನ್ರಿ" ಅಂದೆ. ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೆ ಅಂದೆ. "ಹನ್ನೆರಡೂ ನಾನss ತಿಂದೀನಿ. ಆಫೀಸಿನ್ಯಾಗ. ಆಕಿ ಒಂದೂ ಕಳದಿಲ್ಲ. ಆಕಿ ಮ್ಯಾಲ ಏನೂ ಬರೀಬ್ಯಾಡ್ರಿ."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ನನ್ನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಹೆಚ್ಚಿತ್ತು. ಸರಿಯಾಗಿ ಬೈದರು. ಹೃದಯಕ್ಕೆ ಏನಾದರೂ ಆಗಿದ್ದರೆ ಯಾರು ಜವಾಬು ಕೊಡುತ್ತಿದ್ದರು, ಒಬ್ಬರಿಗೆ ಅಳೆದು ಬರೆದದ್ದನ್ನು ಇನ್ನೊಬ್ಬರು ತಿನ್ನುವುದು ಎಂಥ ಬುದ್ಧಿ, ಅದೂ ಮಗಳ ಪರೀಕ್ಷೆಯ ಹೊತ್ತಿನಲ್ಲಿ. ಎಲ್ಲ ಕೇಳಿಕೊಂಡೆ. ಕೊನೆಗೆ, ತಿಂದಾಗ ಏನಾಯಿತು ಎಂದು ಕೇಳಿದರು. ಸದ್ದು ನಿಂತಿತು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಷ್ಟಕ್ಕss ಏನೂ ಸಿದ್ಧ ಆಗಂಗಿಲ್ಲ. ಈ ಗುಳಿಗಿ ತಿಂದ್ರ ಯಾರಿಗರ ಒಂದೀಟು ಹಂಗ ಅನಸ್ತೈತಿ. ಆದ್ರ ನೀವೂ ಒಮ್ಮೆ ಸರಿಯಾಗಿ ತೋರಿಸ್ಕೋಬೇಕು ತಂಗಿ. ಕಳ್ಳಿಯಂಗ ಅಲ್ಲ, ಬಾಗಿಲಾ ಬಡದು ಬರ್ರಿ."

ಪೂರ್ವಿಗೆ ಹೊಸ ಚೀಟಿ ಬರೆದು ಅವಳ ಕೈಗೇ ಕೊಟ್ಟರು. ಕಡತದಲ್ಲಿ ಆ ಸಾಲು ಬರೆಯಲಿಲ್ಲ.

ಹೊರಗೆ ಬಂದು ಹಿಮಾಯತ್‌ನಗರದ ಫುಟ್‌ಪಾತಿನಲ್ಲಿ ಬಹಳ ದೂರ ನಡೆದೆವು. ನನಗೆ ತಡೆಯಲಾಗಲಿಲ್ಲ.

"ನಿನಗ ಗೊತ್ತಿತ್ತೇನು?"

"ಮೊದಲ್ನೇ ದಿನss ಗೊತ್ತಾತು. ನೀ ಒಲಿ ಆರಿಸಿದ್ಯಲ್ಲ."

"ಮತ್ತ ಪಪ್ಪನ ಮುಂದ ಯಾಕ ಸುಳ್ಳು ಹೇಳಿದಿ? ನನ್ನ ಮ್ಯಾಲ ಸಿಟ್ಟು ಬರಲಿಲ್ಲೇನು?"

"ಬಂದೈತಿ. ಭಾಳ ಬಂದೈತಿ. ಕೆಮಿಸ್ಟ್ರಿ ದಿನ ನಿನ್ನ ಮುಖಾ ನೋಡಬಾರದು ಅನಿಸಿತ್ತು." ಅವಳು ಅಂಗಡಿಯ ಗಾಜಿನ ಕಡೆ ನೋಡುತ್ತ ಹೇಳಿದಳು. "ಆದ್ರ ಆ ಎರಡು ವಾರ ನಾ ಹೇಳಿದ್ದು ಪೂರ್ತಿ ಕೇಳಿದಿ ಅಮ್ಮಾ. ನಡುವ ಎದ್ದು ಹೋಗಲಿಲ್ಲ. ನಂಗ ಅದು ಬೇಕಾಗಿತ್ತು. ಗುಳಿಗಿ ಹೋದ್ರ ಹೋಗ್ಲಿ ಅನಿಸ್ತು."

ಜನ ಓಡಾಡುವ ಜಾಗದಲ್ಲಿ, ಸೀರೆ ಅಂಗಡಿಯ ಮುಂದೆ, ನಾನು ಗೊಳೋ ಎಂದು ಅತ್ತೆ. ಹುಡುಗಿ ಸಮಾಧಾನ ಮಾಡಲಿಲ್ಲ, ಬಿಟ್ಟು ಹೋಗಲೂ ಇಲ್ಲ, ಪಕ್ಕದಲ್ಲಿ ನಿಂತಿದ್ದಳು.

ಸಂಜೆ ಮಲ್ಲಪ್ಪಗೆ ನಾನೇ ಹೇಳಿದೆ. ಅವರು ಎದ್ದು ಪೂರ್ವಿಯ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು, "ತಪ್ಪಾತವ್ವಾ" ಅಂದದ್ದು ಕೇಳಿಸಿತು.

ಮಾರ್ಚ್ 18, ಮಂಗಳವಾರ

ನನಗೆ ಏಪ್ರಿಲ್ ಮೂರಕ್ಕೆ ದಿನ ಸಿಕ್ಕಿದೆ. ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದೆ, ಎದುರಿಗೆ ಪೂರ್ವಿ ನಿಂತಿದ್ದಳು.

ಆಮೇಲೆ ಅವಳು, ನಿನ್ನೆ ಒಳಗೆ ಡಾಕ್ಟರಿಗೆ ಏನು ಹೇಳಿದೆ ಅಂತ ಹೇಳಲಾ ಎಂದು ಕೇಳಿದಳು. ಹೇಳು ಅಂದೆ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ. ಅವಳು ಶುರುಮಾಡಿದಳು, ಚಿಕ್ಕಂದಿನಿಂದ. ಎರಡು ನಿಮಿಷ ಕೇಳಿದೆ. ಆಮೇಲೆ ಕುಕ್ಕರ್ ಎಷ್ಟು ಸಲ ಕೂಗಿತು ಎಂಬಲ್ಲಿಗೆ ಹೋಗಿ, ಅಲ್ಲಿಂದ ಆಫೀಸಿಗೆ ಹೋಗಿ, ಬರುವಷ್ಟರಲ್ಲಿ ಅವಳು ಎಲ್ಲೋ ಮುಂದೆ ಹೋಗಿದ್ದಳು. ಬಾಯಿಗೆ ಹೂಂ ಬಂದಿತ್ತು. ನುಂಗಿಕೊಂಡೆ.

"ಪೂರ್ವೀ, ತಪ್ಪಿಸ್ಕೊಂಡೆ. ಐದನೇ ಕ್ಲಾಸಿನ ತನಕ ಕೇಳಿದ್ದೆ. ಮತ್ತೊಮ್ಮೆ ಹೇಳ್ತೀಯಾ?"

ಹೇಳಿದಳು. ಮತ್ತೆ ತಪ್ಪಿಸಿಕೊಂಡೆ, ಮತ್ತೆ ಕೇಳಿದೆ. ಮೂರನೆಯ ಸಲ ಅವಳು ನಿಟ್ಟುಸಿರು ಬಿಟ್ಟು, ಎದ್ದು ಹೋಗಿ ಕುಕ್ಕರ್ ಆರಿಸಿ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು, ಮೊದಲಿನಿಂದ ಹೇಳಿದಳು.